ಮೂಸಿಯ ದಂಡೆಯ ಕೋಠಿ

ನಮ್ಮ ಹೈದರಾಬಾದಿನಲ್ಲಿ ‘ಕೋಠಿ’ ಎಂಬ ಹೆಸರು ಕಂಡಕ್ಟರನ ಬಾಯಿಂದ ದಿನವೂ ಕಿವಿಗೆ ಬೀಳುವಂಥದು. ಆದರೆ ಆ ಹೆಸರಿಗೆ ಕಾರಣವಾದ ಸೌಧವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ವಿರಳ. ಮೂಸಿ ನದಿಯ ಉತ್ತರ ದಂಡೆಯಲ್ಲಿರುವ ಈ ಕಟ್ಟಡವು ಮೊದಲು ಬ್ರಿಟಿಷ್ ರೆಸಿಡೆಂಟನ ನಿವಾಸವಾಗಿದ್ದಿತು. ಈಗ ಮಹಿಳಾ ವಿಶ್ವವಿದ್ಯಾಲಯದ ಆವರಣದಲ್ಲಿದೆ.

1798ರಿಂದ 1805ರವರೆಗೆ ನಿಜಾಮನ ಆಸ್ಥಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿಯಾಗಿದ್ದ ಜೇಮ್ಸ್ ಕರ್ಕ್‌ಪ್ಯಾಟ್ರಿಕ್ ಇದನ್ನು ಕಟ್ಟಿಸತೊಡಗಿದನು. ಇದರ ಬಗೆಗೆ ಸ್ವಾರಸ್ಯವಾದ ಒಂದು ಕಥೆಯುಂಟು. ತನಗೆ ಬೇಕಾದ ಭೂಮಿಯ ನಕ್ಷೆಯನ್ನು ಆತನು ದೊಡ್ಡ ಹಾಳೆಯಲ್ಲಿ ಬರೆಯಿಸಿ ಒಪ್ಪಿಸಲು, ನಿಜಾಮನು ನಿರಾಕರಿಸಿದನಂತೆ. ರಾಜ್ಯದ ಭೂಪಟದಷ್ಟೇ ದೊಡ್ಡದಾದ ನಕ್ಷೆಯನ್ನು ನೋಡಿ ದೊರೆ ಬೆದರಿದನೆಂದು ಮಂತ್ರಿ ತಿಳಿಸಿದನು. ಅದೇ ನಕ್ಷೆ ಸಣ್ಣ ಕಾಗದದ ಮೇಲೆ ಮರಳಿ ಬಂದಾಗ ಒಪ್ಪಿಗೆ ದೊರೆಯಿತು! ಕಟ್ಟಡದ ವೆಚ್ಚವನ್ನು ಹೊತ್ತವನೂ ನಿಜಾಮನೇ.

ನಕ್ಷೆ ರಚಿಸಿದವನು ಮದರಾಸು ಇಂಜಿನಿಯರ್ ದಳದ ಸ್ಯಾಮ್ಯುಯೆಲ್ ರಸೆಲ್. ಪ್ರಾಚೀನ ಗ್ರೀಕ್ ಮತ್ತು ರೋಮನ್ ದೇಗುಲಗಳ ಮಾದರಿಯನ್ನು ಆಗಿನ ಇಂಗ್ಲೆಂಡಿನ ಸಿರಿವಂತರು ತಮ್ಮ ಮನೆಗಳಿಗೆ ತೊಡಿಸುತ್ತಿದ್ದರು. ರಸೆಲ್ ಅದನ್ನೇ ಇಲ್ಲಿಗೂ ತಂದನು. ವಿಸ್ತಾರವಾದ ಮೆಟ್ಟಿಲುಗಳು, ಅವುಗಳ ಇಕ್ಕೆಲಗಳಲ್ಲಿ ಕಾವಲು ಕುಳಿತ ಸಿಂಹಗಳು, ಮೇಲೆ ಎಲೆಗಳ ಗೊಂಚಲಿನಂಥ ಬೋದಿಗೆಗಳುಳ್ಳ ಆರು ಮಹಾಸ್ತಂಭಗಳು, ಅವುಗಳ ಮೇಲಿನ ತ್ರಿಕೋನದಲ್ಲಿ ಕಂಪನಿಯ ಲಾಂಛನ. ಕಲ್ಲಿನಂತೆ ತೋರುವ ಇವೆಲ್ಲ ಬಹುಮಟ್ಟಿಗೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಕೆಲಸವೆಂಬುದನ್ನು ಮರೆಯಲಾಗದು. ಗಾರೆಯನ್ನು ಅರೆದು ಹೊಳಪು ಬರುವಂತೆ ತಿಕ್ಕುವ ನಮ್ಮ ಕುಶಲಿಗರ ಕೈ ಇಲ್ಲದಿದ್ದರೆ ರಸೆಲನ ನಕ್ಷೆ ಕಾಗದದಲ್ಲಿಯೇ ಉಳಿಯುತ್ತಿತ್ತು. ಇನ್ನೊಂದು ವಿಶೇಷವೆಂದರೆ, ನದೀತೀರದ ಮನೆಯಾದರೂ ಈ ಭವ್ಯ ಮುಖಮಂಟಪವು ಹೊಳೆಯ ಕಡೆಗಿಲ್ಲ, ಉತ್ತರಕ್ಕಿದೆ. ಒಳಗೆ ಎರಡು ಅಂತಸ್ತಿನ ಎತ್ತರದ ದರ್ಬಾರು ಶಾಲೆ ಇದೆ.

ಕಟ್ಟಡ ಪೂರ್ಣವಾಗುವ ಮೊದಲೇ, 1805ರಲ್ಲಿ, ಕರ್ಕ್‌ಪ್ಯಾಟ್ರಿಕ್ ಕಲಕತ್ತೆಯಲ್ಲಿ ತೀರಿಕೊಂಡನು. ಆತನ ಪತ್ನಿ ಖೈರುನ್ನೀಸಾ ಬೇಗಂ ಹೈದರಾಬಾದಿನ ಕುಲೀನ ಮನೆತನದವಳು. ಆಕೆಗಾಗಿ ರಂಗಮಹಲೆಂಬ ಅಂತಃಪುರ ಪ್ರತ್ಯೇಕವಾಗಿತ್ತು. ಪರದೆಯಲ್ಲಿದ್ದ ಆಕೆ ಮುಖ್ಯ ಸೌಧವನ್ನು ಸುತ್ತಿ ನೋಡಲಾರಳೆಂದು ಅದರದೇ ಒಂದು ಕಿರುಪ್ರತಿಯನ್ನು ತೋಟದಲ್ಲಿ ಕಟ್ಟಿಸಿದನೆಂದು ಪ್ರತೀತಿ. ರಂಗಮಹಲು ಮುಂದೆ ನೆಲಸಮವಾಯಿತು.

1857ರ ಜುಲೈ 17ರಂದು ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲಾವುದ್ದೀನರ ಮುಂದಾಳ್ತನದಲ್ಲಿ ಜನರು ಈ ರೆಸಿಡೆನ್ಸಿಯ ಮೇಲೆ ದಾಳಿ ಮಾಡಿದರು. ಮರುವರ್ಷ ಹೈದರಾಬಾದಿನಲ್ಲಿ ಸೆರೆಸಿಕ್ಕ ನಮ್ಮ ಸುರಪುರದ ರಾಜಾ ವೆಂಕಟಪ್ಪ ನಾಯಕನನ್ನು ಸಾಲಾರ್ ಜಂಗನು ಒಪ್ಪಿಸಿದ್ದು ರೆಸಿಡೆಂಟನಿಗೇ. 1908ರ ಸೆಪ್ಟೆಂಬರಿನಲ್ಲಿ ಮೂಸಿಯು ಉಕ್ಕಿ ನಗರದಲ್ಲಿ ಹಾಹಾಕಾರವೆಬ್ಬಿಸಿದಾಗ, ಹೊಳೆಯನ್ನು ಹತೋಟಿಗೆ ತರುವ ಯೋಜನೆಯನ್ನು ಸಿದ್ಧಪಡಿಸಿದವರು ನಮ್ಮ ವಿಶ್ವೇಶ್ವರಯ್ಯನವರು.

ಬ್ರಿಟಿಷರು ತೆರಳಿದ ಬಳಿಕ, 1949ರಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಮಹಿಳಾ ಕಾಲೇಜು ಇಲ್ಲಿಗೆ ಬಂದಿತು. ಪಾಠಪ್ರವಚನಗಳೇನೋ ಸಾಗಿದುವು, ಆದರೆ ಗಾರೆ ಮಳೆಗಾಲಕ್ಕೆ ಅಂಜುವ ವಸ್ತು. ಸೌಧ ಜೀರ್ಣವಾಗುತ್ತ ಬಂದು, 2002ರಲ್ಲಿ ಜಗತ್ತಿನ ಅಪಾಯಗ್ರಸ್ತ ಸ್ಮಾರಕಗಳ ಪಟ್ಟಿಗೆ ಸೇರಿತು. ದೀರ್ಘಕಾಲದ ದುರಸ್ತಿಯ ತರುವಾಯ 2023ರಲ್ಲಿ ಮತ್ತೆ ತೆರೆಯಿತು. ಕಾಲೇಜು 2022ರಲ್ಲಿ ವಿಶ್ವವಿದ್ಯಾಲಯವಾಗಿ, 2024ರಲ್ಲಿ ತೆಲಂಗಾಣದ ರೈತಹೋರಾಟದ ವೀರವನಿತೆ ಚಾಕಲಿ ಐಲಮ್ಮನ ಹೆಸರನ್ನು ಪಡೆಯಿತು. ಖೈರುನ್ನೀಸಾ ಕಿರುಪ್ರತಿಯಲ್ಲಿ ಮಾತ್ರ ಕಂಡಳೆಂದು ಹೇಳುವ ಆ ಮೆಟ್ಟಿಲುಗಳ ಮುಂದಿನಿಂದಲೇ ಇಂದಿನ ವಿದ್ಯಾರ್ಥಿನಿಯರು ತರಗತಿಗೆ ಹೋಗುತ್ತಾರೆ.