ಬಣ್ಣಕ್ಕಿಂತ ಪಟ್ಟಿ ಮುಖ್ಯ

ಉಪಗ್ರಹದ ವರ್ಣಚಿತ್ರದಲ್ಲಿ ದಟ್ಟ ಕಾಡೂ ಆಳವಾದ ಕೆರೆಯ ಹಸಿರು ನೀರೂ ಕೆಲವೊಮ್ಮೆ ಒಂದೇ ಬಗೆಯ ಕಡುಹಸಿರಾಗಿ ಕಾಣುವುದರಿಂದ, ನೆಲವನ್ನು ಕಾಡು, ಹೊಲ, ನೀರು ಎಂದು ಗಣಕದ ನೆರವಿನಿಂದ ವರ್ಗೀಕರಿಸುವವರು ಚಿತ್ರದ ಬಣ್ಣವನ್ನು ನೆಚ್ಚದೆ, ಅದರ ಹಿಂದಿರುವ ರೋಹಿತಪಟ್ಟಿಗಳನ್ನು, ಅಂದರೆ ಬೆಳಕಿನ ತರಂಗದೂರಗಳ ಬೇರೆಬೇರೆ ವಲಯಗಳನ್ನು, ಒಂದೊಂದಾಗಿ ಬಿಡಿಸಿ ನೋಡುತ್ತಾರೆ.

ಈ ಕ್ರಮ ನೆಲೆಯೂರಿದ್ದು 1972ರ ಜುಲೈ 23ರಂದು ಅಮೆರಿಕ ಹಾರಿಸಿದ, ಮುಂದೆ ಲ್ಯಾಂಡ್‌ಸ್ಯಾಟ್-1 ಎಂದು ಹೆಸರಾದ ಉಪಗ್ರಹದಿಂದ. ಅದರ ಮುಖ್ಯ ಸಾಧನಗಳೆಂದು ಭಾವಿಸಲಾಗಿದ್ದ ದೂರದರ್ಶನ ಮಾದರಿಯ ಕ್ಯಾಮೆರಾಗಳು ವಿದ್ಯುತ್ ದೋಷದಿಂದ ಬೇಗನೆ ನಿಂತುಹೋದರೆ, ವರ್ಜೀನಿಯಾ ನಾರ್‌ವುಡ್ ರೂಪಿಸಿದ, ಅಷ್ಟಾಗಿ ಭರವಸೆ ಇಟ್ಟಿರದ ಬಹುರೋಹಿತ ಸ್ಕ್ಯಾನರ್ ಆ ಯೋಜನೆಯ ಮಾನ ಉಳಿಸಿತು. ಅತ್ತಿತ್ತ ಆಡುವ ಕನ್ನಡಿಯೊಂದು ನೆಲದಿಂದ ಬಂದ ಬೆಳಕನ್ನು ಹಿಡಿದು ಹಸಿರು, ಕೆಂಪು ಹಾಗೂ ಕಣ್ಣಿಗೆ ಕಾಣದ ಎರಡು ಸಮೀಪ ಅವಕೆಂಪು ಪಟ್ಟಿಗಳ ಸಂವೇದಕಗಳಿಗೆ ಹಂಚುತ್ತಿತ್ತು. ಹೀಗೆ ಒಂದೇ ಭೂಭಾಗಕ್ಕೆ ನಾಲ್ಕು ಬಿಡಿ ಚಿತ್ರಗಳೂ, ಪ್ರತಿ ಚಿತ್ರಬಿಂದುವಿಗೆ ನಾಲ್ಕು ಅಂಕಿಗಳೂ ದೊರೆತವು.

ಅವಕೆಂಪಿಗೆ ಇಷ್ಟು ಬೆಲೆ ಬರಲು ಎಲೆಯ ರಚನೆಯೇ ಕಾರಣ. ಎಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಂಡರೆ, ಒಳಗಿನ ಜೀವಕೋಶಗಳೂ ಅವುಗಳ ನಡುವಣ ಗಾಳಿಯ ತೆರಪುಗಳೂ ಸಮೀಪ ಅವಕೆಂಪನ್ನು ಬಹುವಾಗಿ ಚದುರಿಸಿ ಹಿಂದಕ್ಕೆ ಕಳಿಸುತ್ತವೆ. ನೀರಾದರೋ ಅದನ್ನು ಹೀರಿ ಕಪ್ಪಾಗಿ ಕಾಣುತ್ತದೆ. ಆದುದರಿಂದ ಅವಕೆಂಪಿನ ಅಂಕಿಯಿಂದ ಕೆಂಪಿನದನ್ನು ಕಳೆದು, ಅವೆರಡರ ಮೊತ್ತದಿಂದ ಭಾಗಿಸಿದರೆ ಸಿಗುವ ಸಸ್ಯಸೂಚ್ಯಂಕವೊಂದರಿಂದಲೇ ಕಾಡೂ ಕೆರೆಯೂ ಬೇರೆಯಾಗುತ್ತವೆ. 1970ರ ಸುಮಾರಿಗೆ ಪಿ.ಆರ್. ಪಿಷಾರೋಟಿಯವರ ಮುಂದಾಳ್ತನದಲ್ಲಿ ಕೇರಳದ ತೆಂಗಿನ ಬೇರುಸೊರಗು ರೋಗವನ್ನು ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಸೆರೆಹಿಡಿದ, ಭಾರತದ ದೂರಸಂವೇದನೆಯ ಆರಂಭವೆನಿಸಿದ ಪ್ರಯೋಗ ನಿಂತದ್ದೂ ಎಲೆಯ ಈ ಗುಣದ ಮೇಲೆಯೇ.

ಸಾಮಾನ್ಯ ವರ್ಣಚಿತ್ರವನ್ನು ತಂತ್ರಾಂಶದಿಂದ ಕೆಂಪು, ಹಸಿರು, ನೀಲಿಯಾಗಿ ಸೀಳಿದರೂ ಇದೇ ಫಲ ಸಿಗುತ್ತದೆಂಬ ಪ್ರಚಾರವನ್ನು ಒಪ್ಪಲಾಗದು. ಸೀಳಿದ ಮೂರು ಪದರಗಳು ಲೆಕ್ಕಕ್ಕೆ ಅನುಕೂಲವೇ ಹೊರತು, ಸಂವೇದಕ ದಾಖಲಿಸದ ಅವಕೆಂಪನ್ನು ಅವು ಹೊಸದಾಗಿ ತಂದುಕೊಡಲಾರವು. ನಿಜವಾದ ವಿಂಗಡಣೆ ನಡೆಯಬೇಕಾದದ್ದು ಉಪಗ್ರಹದಲ್ಲಿಯೇ. 1988ರಲ್ಲಿ ಹಾರಿದ ಭಾರತದ ಐಆರ್‌ಎಸ್-1ಎ ಉಪಗ್ರಹಕ್ಕೆ ನೀಲಿ ಪಟ್ಟಿಯಿತ್ತು. 1995ರ ಐಆರ್‌ಎಸ್-1ಸಿ ಉಪಗ್ರಹದ ಲಿಸ್-3 ಕ್ಯಾಮೆರಾದಲ್ಲಿ ಅದನ್ನು ಕೈಬಿಟ್ಟು, 1.55ರಿಂದ 1.70 ಮೈಕ್ರೋಮೀಟರಿನ ಕಿರುತರಂಗ ಅವಕೆಂಪು ಪಟ್ಟಿಯನ್ನು ಸೇರಿಸಲಾಯಿತು. ಇದರಿಂದ ಸಹಜವರ್ಣದ ಚಿತ್ರ ತಯಾರಿಸುವ ಅವಕಾಶ ಹೋದರೂ, ಕಣ್ಣಿಗೆ ಒಂದೇ ಬಿಳುಪಾಗಿ ಕಾಣುವ ಹಿಮಾಲಯದ ಹಿಮ ಮತ್ತು ಮೋಡಗಳಲ್ಲಿ ಹಿಮ ಈ ಪಟ್ಟಿಯಲ್ಲಿ ಕಪ್ಪಾಗಿಯೂ ಮೋಡ ಬೆಳ್ಳಗೂ ಕಾಣತೊಡಗಿ, ಎರಡನ್ನೂ ಬೇರ್ಪಡಿಸುವುದು ಸುಲಭವಾಯಿತು.