ಹೊಗೆ ಮೇಲಕ್ಕೆ, ಗ್ಯಾಸ್ ಕೆಳಕ್ಕೆ

ರಟ್ಟೀಹಳ್ಳಿಯ ನಮ್ಮ ಮನೆಯಲ್ಲಿ ಅಡುಗೆ ಒಲೆ ಇದ್ದದ್ದು ಗೋಡೆಯ ಒಂದು ದೊಡ್ಡ ಗೂಡಿನಲ್ಲಿ. ಎರಡೂ ಬದಿಗೆ ಮಣ್ಣಿನ ಗೋಡೆ, ಮೇಲೆ ಹಂಚಿನ ಸಂದಿಗೆ ತೆರೆದ ಹೊಗೆಗಿಂಡಿ, ಮುಂದೆ ಅವ್ವ ಕೂತು ರೊಟ್ಟಿ ಬಡಿಯಲು ಗೇಣು ಆಳದ ತಗ್ಗು. ಮಳೆಗಾಲದಲ್ಲಿ ಹಸಿ ಹತ್ತಿಕಟ್ಟಿಗೆ ಉರಿಸಿದರೆ ಹೊಗೆ ಕಿಂಡಿಗಿಂತ ಅವ್ವನ ಎದೆಗೇ ಹೆಚ್ಚು ಹೋಗುತ್ತಿತ್ತು. ಕೆಮ್ಮು ರಾತ್ರಿಯೂ ಬಿಡದಾದಾಗ ಡಾಕ್ಟರು, ಇನ್ನು ಕಟ್ಟಿಗೆ ಒಲೆಯ ಮುಂದೆ ಕೂಡಲೇಬಾರದು ಎಂದರು.

ಮನೆಯಲ್ಲಿ ಗ್ಯಾಸ್ ಇರಲಿಲ್ಲವೆಂದಲ್ಲ. ಪಡಸಾಲೆಯ ಮೂಲೆಯಲ್ಲಿ ಚಹಾಕ್ಕೆ ಮಾತ್ರ ಮೀಸಲಾಗಿತ್ತು. ಆಗ ನಾನು ಡಿಗ್ರಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೆ. ಉಜ್ವಲಾ ಯೋಜನೆ ಶುರುವಾದದ್ದು 2016ರ ಮೇ 1ರಂದು, ಉತ್ತರ ಪ್ರದೇಶದ ಬಲ್ಲಿಯಾದಲ್ಲಿ ಎಂಬುದು ನಿದ್ದೆಯಲ್ಲೂ ಬಾಯಿಗೆ ಬರುತ್ತಿತ್ತು. ಹಳೆಯ ಒಲೆಯ ಗೂಡನ್ನು ಗ್ಯಾಸಿಗೆ ಹೇಗೆ ಸಜ್ಜು ಮಾಡಬೇಕೆಂದು ಮಾತ್ರ ಯಾವ ಗೈಡಿನಲ್ಲೂ ಇರಲಿಲ್ಲ.

‘ಒಲಿ ಒಡದ್ರ ಮನಿ ಒಡದಂಗ’ ಎಂದು ಅವ್ವ ಒಂದು ವಾರ ತಡೆದಳು. ಕೊನೆಗೆ ಪೂಜೆ ಮಾಡಿ, ತಾನೇ ಮೊದಲ ಹೆಂಟೆ ಕಿತ್ತಳು. ಗೌಂಡಿಯೂ ನಾನೂ ಎರಡು ದಿನ ಇಲ್ಲಣ ಕೆರೆದೆವು. ಎಷ್ಟೋ ವರ್ಷಗಳ ಮಸಿ ಗೋಡೆಗೆ ಡಾಂಬರಿನಂತೆ ಅಂಟಿತ್ತು. ಸುಣ್ಣ ಬಳಿದು, ಕಡಪಾ ಕಲ್ಲಿನ ಕಟ್ಟೆ ಕೂರಿಸಿ, ಅದರ ಮೇಲೆ ಸ್ಟೋವ್ ಇಟ್ಟೆವು. ಇಲಿ, ಮಳೆ ಬೇಡವೆಂದು ಹೊಗೆಗಿಂಡಿಗೆ ಇಟ್ಟಿಗೆ ಕಟ್ಟಿಸಿದೆವು. ಕೆಳಗಿನ ತಗ್ಗು ಸಿಲಿಂಡರಿಗೆ ಅಳತೆ ತೆಗೆದು ಮಾಡಿಸಿದಂತಿತ್ತು. ಅದರಲ್ಲಿಳಿಸಿ, ಮುಂದೆ ಪರದೆ ಕಟ್ಟಿ, ಫೋಟೋ ತೆಗೆದು ಅಕ್ಕನಿಗೂ ಕಳಿಸಿದೆ. ಮಾಡಿದ ತಪ್ಪುಗಳೆಲ್ಲ ಆ ಒಂದೇ ಫೋಟೋದಲ್ಲಿದ್ದವು.

ತಿಂಗಳಾದ ಮೇಲೆ ಒಂದು ನಸುಕಿನಲ್ಲಿ ಬಚ್ಚಲ ಒಲೆ ಹೊತ್ತಿಸಲು ಎದ್ದ ಅವ್ವನಿಗೆ ಕೊಳೆತ ಉಳ್ಳಾಗಡ್ಡಿಯಂಥ ನಾತ ಬಂತು. ಕಡ್ಡಿಪೆಟ್ಟಿಗೆ ಕೈಯಲ್ಲೇ ಇತ್ತು. ಗೀರಲಿಲ್ಲ. ಲೈಟಿನ ಸ್ವಿಚ್ಚನ್ನೂ ಮುಟ್ಟದೆ ಹಿತ್ತಲ ಬಾಗಿಲು ತೆರೆದು ನನ್ನನ್ನು ಕೂಗಿದಳು. ಸ್ಟೋವಿಗೆ ಸೇರುವಲ್ಲಿ ಪೈಪ್ ಸಡಿಲಾಗಿತ್ತು. ಕತ್ತಲಲ್ಲೇ ತಡಕಾಡಿ ರೆಗ್ಯುಲೇಟರ್ ಬಂದ್ ಮಾಡಿದೆ. ಆ ಕಡ್ಡಿಪೆಟ್ಟಿಗೆ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಸೋರಿಕೆಗೆ 1906 ನಂಬರಿಗೆ ಫೋನ್ ಮಾಡಬೇಕೆಂಬುದೂ ಆಗ ನನಗೆ ಗೊತ್ತಿರಲಿಲ್ಲ.

ಬೆಳಗಾದ ಮೇಲೆ ಬಂದ ಮೆಕ್ಯಾನಿಕ್ ಪೈಪನ್ನಲ್ಲ, ಮೊದಲು ತಗ್ಗನ್ನು ನೋಡಿದ. ಅಡುಗೆ ಅನಿಲವೆಂದರೆ ಪ್ರೊಪೇನ್, ಬ್ಯೂಟೇನ್‌ಗಳ ಮಿಶ್ರಣ. ಗಾಳಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಭಾರ. ಹೊಗೆಯಂತೆ ಏರುವುದಿಲ್ಲ, ನೀರಿನಂತೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಅದಕ್ಕೆ ಸ್ವಂತ ವಾಸನೆಯಿಲ್ಲ, ಗೊತ್ತಾಗಲೆಂದೇ ಈಥೈಲ್ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಕಟ್ಟಿಗೆಗೆಂದು ಕಟ್ಟಿದ ಗೂಡಿಗೆ ದಾರಿ ಬೇಕಿದ್ದದ್ದು ಮೇಲೆ. ಗ್ಯಾಸಿಗೆ ನೆಲದ ಮಟ್ಟದಲ್ಲೂ ಬೇಕು. ನಾವು ಮೇಲಿನದನ್ನು ಮುಚ್ಚಿ, ಕೆಳಗೆ 14.2 ಕೆ.ಜಿ. ಸಿಲಿಂಡರನ್ನು ಬಾವಿಯಲ್ಲಿಟ್ಟಿದ್ದೆವು.

ಮತ್ತೆ ಗೌಂಡಿ ಬಂದ. ತಗ್ಗನ್ನು ತುಂಬಿ ನೆಲಕ್ಕೆ ಸಮ ಮಾಡಿದೆವು. ಸಿಲಿಂಡರ್ ಗೂಡಿನಿಂದ ಹೊರಬಂದು ಪಕ್ಕದಲ್ಲಿ, ಸ್ಟೋವಿಗಿಂತ ಕೆಳಗೆ, ನೆಟ್ಟಗೆ ನಿಂತಿತು. ಪೈಪ್ ಸ್ಟೋವಿನ ಹಿಂದೆ ಹಾಯದಂತೆ ನೋಡಿಕೊಂಡೆವು. ಅದರ ಆಯುಷ್ಯ ಐದು ವರ್ಷ, ದಿನಾಂಕ ಅದರ ಮೇಲೆಯೇ ಇರುತ್ತದೆ. ಹೊರಗೋಡೆಗೆ ನೆಲಕ್ಕಂಟಿ ಇಟ್ಟಿಗೆಯಷ್ಟು ಕಿಂಡಿ ಕೊರೆದು ಜಾಳಿಗೆ ಬಡಿದೆವು. ಅದು ಬಚ್ಚಲ ಒಲೆಯ ಕಡೆ ತೆರೆಯದಂತೆ ಬೇರೆ ಮಗ್ಗುಲು ಆರಿಸಿದೆವು. ಹೊಗೆಗಿಂಡಿಯ ಇಟ್ಟಿಗೆಯನ್ನೂ ಕಿತ್ತೆವು. ಉರಿಗೆ ಹೊಸ ಗಾಳಿ ಬೇಕು, ಉಗಿ ಹೊರಹೋಗಬೇಕು.

ಇಂಗ್ಲೆಂಡಿನಲ್ಲಿ ಚಳಿಗೆ ಕಲ್ಲಿದ್ದಲು ಉರಿಸುತ್ತಿದ್ದ ಗೂಡುಗಳಿಗೆ ಗ್ಯಾಸ್ ಬೆಂಕಿ ಕೂರಿಸುವಾಗ ಮೊದಲು ಚಿಮಣಿ ಗುಡಿಸಿ, ಹೊಗೆಗುಳಿಗೆ ಹಚ್ಚಿ, ಹೊಗೆಯೆಲ್ಲ ಮೇಲೆ ಹೋಗುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಕೋಣೆಗೆ ಮರಳಬಾರದೆಂದು ಆ ಎಚ್ಚರ. ನಮ್ಮಲ್ಲೂ ಹೊಗೆಗೆ ದಾರಿ ಮಾಡಿಕೊಟ್ಟವರಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಚಿಮಣಿಯಿರುವ ಅಸ್ತ್ರ ಒಲೆಯನ್ನು ರೂಪಿಸಿತ್ತು. ಅದು ನಮ್ಮ ಮನೆಗೆ ಬಂದಿದ್ದರೆ ಅವ್ವನ ಎದೆ ಇಷ್ಟು ಹಾಳಾಗುತ್ತಿರಲಿಲ್ಲವೇನೋ.

ಈಗ ಕೆಮ್ಮು ಪೂರ್ತಿ ಹೋಗಿಲ್ಲ, ಆದರೆ ರಾತ್ರಿ ನಿದ್ದೆ ಬರುತ್ತದೆ. ಗ್ಯಾಸಿನ ರೊಟ್ಟಿಗೆ ರುಚಿಯಿಲ್ಲ ಎಂಬ ತಕರಾರು ಹಾಗೇ ಇದೆ. ಚಳಿಗಾಲ ಬಂತೆಂದರೆ ಗಾಳಿ ಬರುತ್ತದೆಂದು ಅವ್ವ ಆ ಕೆಳಗಿಂಡಿಗೆ ಗೋಣಿಚೀಲ ತುರುಕುತ್ತಾಳೆ. ಕೋಚಿಂಗ್‌ನಿಂದ ಊರಿಗೆ ಬಂದಾಗಲೆಲ್ಲ ನಾನು ಬ್ಯಾಗ್ ಇಳಿಸುವ ಮೊದಲು ಅದನ್ನು ಎಳೆದು ಹಿತ್ತಲಿಗೆ ಎಸೆಯುತ್ತೇನೆ.