ಕೋಪಿಯಲ್ಲಿ ಬೆಳೆದವನ ಗಾಲಿಮನೆ

ಜತ್ತದಿಂದ ಸಂಖದ ಕಡೆ ಹೊರಟ ಬೆಳಿಗ್ಗೆ ಎದುರಿಗೆ ಟ್ರ್ಯಾಕ್ಟರುಗಳು ಸಾಲಾಗಿ ಬರುತ್ತಿದ್ದವು. ಒಂದೊಂದಕ್ಕೂ ಎರಡೆರಡು ಟ್ರೇಲರ್. ಅವುಗಳಲ್ಲಿ ಜೋಳದ ಚೀಲ, ಹಾಸಿಗೆಯ ಗಂಟು, ನೀರಿನ ನೀಲಿ ಬ್ಯಾರಲ್, ಬಿದಿರ ಗಳ, ಕಾಲು ಕಟ್ಟಿದ ಆಡು, ಇವೆಲ್ಲದರ ನಡುವೆ ಮಕ್ಕಳು. ದೀಪಾವಳಿ ಹತ್ತಿರ ಬಂತು, ಕಬ್ಬಿನ ಹಂಗಾಮು ಶುರುವಾಯಿತು. ಗಂಡ ಹೆಂಡತಿ ಸೇರಿದರೆ ಕೂಲಿಗಳನ್ನು ಕರೆದೊಯ್ಯುವ ಮುಕಾದಮನ ಲೆಕ್ಕದಲ್ಲಿ ಒಂದು ‘ಕೊಯ್ತಾ’. ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಒಣಭೂಮಿಯ ಊರುಗಳಿಂದ ನದಿದಂಡೆಯ ಸಕ್ಕರೆ ಕಾರ್ಖಾನೆಗಳ ಕಡೆ ಪ್ರತಿವರ್ಷ ಹೀಗೆ ಮನೆಗೆ ಮನೆಯೇ ಹೊರಡುತ್ತದೆ. ಹೋದಲ್ಲಿ ಐದಾರು ತಿಂಗಳ ವಾಸ ಕೋಪಿಯಲ್ಲಿ. ಗಳ ಬಗ್ಗಿಸಿ, ಕಬ್ಬಿನ ಒಣಗರಿಯ ರವದಿ ಹೊದಿಸಿ, ಮೇಲೊಂದು ತಾಡಪತ್ರಿ ಬಿಗಿದರೆ ಕೋಪಿ. ಬಾಗಿದರಷ್ಟೇ ಒಳಗೆ ಪ್ರವೇಶ.

ನಾನು ನೋಡಲು ಹೊರಟದ್ದು ಇನ್ನೊಂದು ನಡೆದಾಡುವ ಮನೆಯನ್ನು. ನಮ್ಮ ಚಿಗವ್ವನ ಮಗ ಸಂಖದ ಸಮೀಪ ಹೊಲದ ಬದುವಿಗೆ ತಗಡಿನ ಪತ್ರೆ ಶೆಡ್ ಹಾಕಿಕೊಂಡು ಗಾಡಿ ರಿಪೇರಿ ಮಾಡುತ್ತಾನೆ. ಅಕ್ಕಪಕ್ಕದ ಊರವರಿಗೆ ಅವನು ಮಿಸ್ತ್ರಿ. ಅವನ ಮೊದಲ ಹನ್ನೆರಡು ಚಳಿಗಾಲಗಳು ಕೋಪಿಯಲ್ಲೇ ಕಳೆದವು. ಈಗ ಅವನ ಅಂಗಳದಲ್ಲಿ ಹಳೆಯ ಟೆಂಪೊ ಟ್ರಾವೆಲರ್ ಡೆಲಿವರಿ ವ್ಯಾನೊಂದು ನಾಲ್ಕು ಮರದ ದಿಮ್ಮಿಗಳ ಮೇಲೆ ನಿಂತಿದೆ. ಬಿಸ್ಕಿಟು, ಔಷಧಿ ಹೊತ್ತು ಸವೆದ ಗಾಡಿ. ಅದನ್ನು ನಾಲ್ಕೂ ಗಾಲಿ ಎಳೆಯುವ, ಒಳಗೆ ಮಲಗಿ ಎದ್ದು ಉಣ್ಣಬಹುದಾದ ಮನೆ ಮಾಡಬೇಕೆಂದು ತಮ್ಮ ಎರಡು ವರ್ಷದಿಂದ ಹಟ ಹಿಡಿದಿದ್ದಾನೆ.

‘ಮೊದಲ ಕೆಳಗ ನೋಡು ಅಣ್ಣಾ, ಒಳಗ ಆಮ್ಯಾಲೆ’ ಎಂದು ಚೀಲ ಹಾಸಿಕೊಟ್ಟ. ಗಾಡಿಯ ಅಡಿಗೆ ತೂರಿ ಅಂಗಾತ ಮಲಗಿದೆ.

ಈ ವ್ಯಾನಿನ ವಂಶ ಜರ್ಮನಿಯದು. ಮರ್ಸಿಡಿಸ್‌ನ ಟಿ-1 ವ್ಯಾನನ್ನು ಆಧರಿಸಿ ಪುಣೆಯ ಬಜಾಜ್ ಟೆಂಪೊ ಕಂಪನಿ 1987ರಲ್ಲಿ ಟ್ರಾವೆಲರ್ ತಂದಿತು. ಅದೇ ಕಂಪನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಇಂಜಿನ್ನಿನ ಬಲ ಉದ್ದದ ಶಾಫ್ಟಿನಲ್ಲಿ ಹಿಂದಕ್ಕೆ ಹೋಗಿ ಹಿಂದಿನ ಎರಡು ಗಾಲಿಗಳನ್ನಷ್ಟೇ ತಿರುಗಿಸುತ್ತದೆ. ಡಾಂಬರಿಗೆ ಇಷ್ಟು ಸಾಕು. ಹಳ್ಳದ ಉಸುಕಿಗೆ ಸಾಲದು, ಯಾಕೆಂದರೆ ಹಿಂದಿನ ಹೌಸಿಂಗಿನಲ್ಲಿರುವ ಡಿಫರೆನ್ಷಿಯಲ್ ಎರಡೂ ಗಾಲಿಗೆ ಸಮನಾದ ಎಳೆತವನ್ನೇ ಕೊಡುತ್ತದೆ. ಒಂದು ಗಾಲಿ ಉಸುಕಿನಲ್ಲಿ ಹಿಡಿತ ತಪ್ಪಿ ಗರಗರ ತಿರುಗಲು ಹತ್ತಿತೆಂದರೆ ಅದಕ್ಕೆ ಸಿಕ್ಕಷ್ಟೇ ಪುಡಿಬಲ ಗಟ್ಟಿ ನೆಲದ ಮೇಲಿನ ಗಾಲಿಗೂ ಸಿಗುತ್ತದೆ. ಒಂದು ಎತ್ತು ಕಾಲುಜಾರಿ ಬಿದ್ದರೆ ಜೋಡಿ ಎತ್ತೂ ನಿಂತಂತೆ.

ಅದಕ್ಕೇ ಮುಂದಿನ ಗಾಲಿಗಳಿಗೂ ಎಳೆತ ಬೇಕು. ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಎರಡನೆಯ ಪೆಟ್ಟಿಗೆ ಕೂರಿಸಿ, ಅಲ್ಲಿಂದ ಮುಂದಕ್ಕೆ ಇನ್ನೊಂದು ಶಾಫ್ಟ್ ಹಾಯಿಸಿ, ಮುಂದಿನ ಸಾದಾ ಆಕ್ಸಲ್ ತೆಗೆದು ಒಳಗೆ ಕ್ರೌನ್ ಪಿನಿಯನ್ ಇರುವ ಆಕ್ಸಲ್ ಹಾಕಬೇಕು. ಆ ಪೆಟ್ಟಿಗೆಯಲ್ಲೊಂದು ಲೋ ಗೇರು ಇರುತ್ತದೆ. ಅದಕ್ಕೆ ಹಾಕಿದರೆ ವೇಗ ಇಳಿದು ಎಳೆತ ಎರಡು ಎರಡೂವರೆ ಪಟ್ಟು ಏರುತ್ತದೆ. ಕೇಳಲು ಸರಳ. ತಮ್ಮನ ಒಂದು ವರ್ಷವನ್ನು ತಿಂದದ್ದು ಲೆಕ್ಕ. ಹಿಂದಿನ ಗಾಲಿ ಒಂದು ಸುತ್ತು ತಿರುಗಲು ಶಾಫ್ಟ್ ಎಷ್ಟು ಸುತ್ತು ಬೇಕೋ ಮುಂದಿನದಕ್ಕೂ ಅಷ್ಟೇ ಬೇಕು. ಇಲ್ಲದಿದ್ದರೆ ಹಿಂದಿನ ಗಾಲಿ ಮುಂದಿನದನ್ನು ನೂಕುತ್ತದೆ, ಮುಂದಿನದು ಹಿಂದಿನದನ್ನು ತಡೆಯುತ್ತದೆ, ಮಧ್ಯದ ಜಾಯಿಂಟು ಒಡೆಯುತ್ತದೆ. ಗುಜರಿಯಿಂದ ತಂದ ಮೊದಲ ಆಕ್ಸಲ್ ಹಳೆಯ ಜೀಪಿನದು. ಶಾಫ್ಟಿಗೆ ಖಡುವಿನಿಂದ ಗೆರೆ ಎಳೆದು ಕೈಯಲ್ಲಿ ತಿರುಗಿಸಿ ಎಣಿಸಿದ. ಹೊಂದಲಿಲ್ಲ. ಹೊಂದಿದ್ದರೂ ಆ ಸಣ್ಣ ಆಕ್ಸಲ್ ಈ ಮೈಭಾರ ತಡೆಯುತ್ತಿರಲಿಲ್ಲ. ಈಗ ಶೆಡ್ಡಿನಲ್ಲಿ ಗ್ರೀಸು ಮೆತ್ತಿಕೊಂಡು ಮಲಗಿರುವುದು ಎರಡನೆಯದು, ದಪ್ಪ ಹೌಸಿಂಗಿನದು. ಜರ್ಮನಿಯಲ್ಲಿ ಇಗ್ಲ್‌ಹೌಟ್ ಎಂಬ ಸಂಸ್ಥೆ ಮರ್ಸಿಡಿಸ್ ವ್ಯಾನುಗಳಿಗೆ ಇದೇ ಕೆಲಸವನ್ನು ದಶಕಗಳಿಂದ ಮಾಡಿಕೊಡುತ್ತಿದೆ. ಆ ವ್ಯಾನುಗಳ ಚಿತ್ರಗಳನ್ನು ತಮ್ಮ ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದಾನೋ!

ಸ್ಪ್ರಿಂಗಿನ ಪಾಟಾಗಳಿಗೆ ಎರಡು ಎಲೆ ಕೂಡಿಸಿ ಗಾಡಿಯನ್ನು ಎರಡು ಇಂಚು ಎತ್ತಿದ್ದಾನೆ. ಅದಕ್ಕಿಂತ ಹೆಚ್ಚು ಎತ್ತಲು ಒಪ್ಪಲಿಲ್ಲ. ಎತ್ತರದ ಡಬ್ಬಿಯಂಥ ಗಾಡಿ, ಮೇಲೆ ಹೋದಷ್ಟೂ ತಿರುವಿನಲ್ಲಿ ಮಗುಚುವ ಭಯ. ಅವನ ಈ ಹದ ನನಗೆ ಹಿಡಿಸಿತು.

ಹೊರಗೆ ಬಂದು ಮಣ್ಣು ಕೊಡವಿಕೊಂಡೆ. ಹೊಲದ ಈ ತುದಿ ಗರಸು, ಕಲ್ಲು. ಬೋರ್ ನದಿಯ ಕಡೆ ಇಳಿದಂತೆ ಕಪ್ಪು ಎರೆ. ಮಳೆ ಅಪರೂಪವಾದರೂ ಬಿದ್ದ ದಿನ ಎರೆಯಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ.

‘ನಾಕೂ ಗಾಲಿ ಎಳೀತಾವಂದ್ರ ಎಲ್ಲಿ ಬೇಕಾದಲ್ಲಿ ಹೋಗಬಹುದಂತ ತಿಳೀಬ್ಯಾಡ. ಹಸಿ ಎರಿ ಟಾಯರಿನ ಗೆರಿ ತುಂಬಿ ಗುಂಡಗ ಮಾಡತೈತಿ. ಆವಾಗ ನಾಕೂ ಜಾರತಾವ. ಒಣಗೂತನ ಅಲ್ಲೇ ಇರಬೇಕ. ಅದಕ್ಕ ಅಲ್ಲವಾ ಮನಿ ಮಾಡಾಕ ಹತ್ತಿದ್ದು?’

ಹಳ್ಳದ ಉಸುಕಿಗೆ ಮಾತ್ರ ಅವನ ಬಳಿ ಉಪಾಯವಿದೆ: ಟಾಯರಿನ ಗಾಳಿ ಇಳಿಸುವುದು. ಗಾಳಿ ಕಡಿಮೆಯಾದರೆ ಟಾಯರು ಒಂಟೆಯ ಪಾದದಂತೆ ಅಗಲವಾಗಿ ಕೂರುತ್ತದೆ. ದಾಟಿದ ಮೇಲೆ ತುಂಬಿಸಿಕೊಳ್ಳಲು ಸಣ್ಣ ಕಂಪ್ರೆಸರ್ ಸೀಟಿನ ಅಡಿಗಿದೆ.

ಇನ್ನು ಕಾಗದದ ಮಾತು. ಇದನ್ನು ಓದಿ ಯಾರಾದರೂ ಗುಜರಿಗೆ ಓಡುವ ಮೊದಲು ಹೇಳಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಮನೆಗಾಡಿಗಳಿಗೆಂದೇ ಎಐಎಸ್-124 ಎಂಬ ಮಾನದಂಡವೂ ಇದೆ. ಆದ್ದರಿಂದ ಎಂಎಚ್-10 ನಂಬರಿನ ಈ ವ್ಯಾನು ಆರ್‌ಟಿಒ ಪಾಸಿಂಗ್ ಆಗುವ ತನಕ ಡಾಂಬರು ಮುಟ್ಟುವುದಿಲ್ಲವೆಂದು ತಮ್ಮ ನಿರ್ಧರಿಸಿದ್ದಾನೆ. ಮುಂದಿನ ಆಕ್ಸಲ್ ಜೋಡಿಸಿದರೂ ಅದರ ಪರೀಕ್ಷೆ ಸ್ವಂತ ನಾಲ್ಕು ಎಕರೆಯ ಒಳಗೇ. ಅನುಮತಿ ಸಿಗದೆಹೋದರೆ ಆಕ್ಸಲ್ ಬಿಚ್ಚಿ ಹಳೆಯದನ್ನೇ ಹಾಕುತ್ತಾನಂತೆ. ಹೇಳುವಾಗ ಅವನ ದನಿ ಸಣ್ಣಗಾಯಿತು. ನಾಲ್ಕೂ ಗಾಲಿಯ ಎಳೆತವೇ ಬೇಕೆನ್ನುವವರು ಕಾರ್ಖಾನೆಯಿಂದಲೇ ಹಾಗೆ ಬಂದ ಗಾಡಿ ಕೊಳ್ಳುವುದು ಸರಿ ಎಂಬುದು ನನ್ನ ಅಭಿಪ್ರಾಯ. ಫೋರ್ಸ್ ಕಂಪನಿಯದೇ ಗೂರ್ಖಾ ಇದೆ, ಬೊಲೆರೊ ಕ್ಯಾಂಪರಿನ ಫೋರ್‌ವ್ಹೀಲ್ ಮಾದರಿ ಇದೆ. ಹೆಸರು ಕ್ಯಾಂಪರ್ ಆದರೂ ಅದು ಮನೆಯಲ್ಲ, ಎರಡು ಸಾಲು ಸೀಟಿನ ಪಿಕಪ್. ಮನೆಯನ್ನು ನಾವೇ ಕಟ್ಟಬೇಕು, ಅದಕ್ಕೂ ಪಾಸಿಂಗ್ ಬೇಕು.

ಹಿಂದಿನ ಬಾಗಿಲು ತೆರೆದಾಗ ಮೊದಲು ಕಂಡದ್ದು ಚಿಗವ್ವ. ಅರ್ಧ ಮುಗಿದ ಮಂಚದ ಮೇಲೆ ಕುಳಿತು ಅಳತೆ ಟೇಪನ್ನು ಕೈಗೆ ಸುತ್ತಿಕೊಳ್ಳುತ್ತಿದ್ದಳು. ಮನೆಯ ಒಳಗನ್ನು ತೀರ್ಮಾನಿಸುತ್ತಿರುವುದು ಅವಳೇ.

ಪತ್ರೆಯ ಗೋಡೆಗೆ ರಬ್ಬರ್ ಫೋಮು ಅಂಟಿಸಿದ್ದಾರೆ. ಜತ್ತದ ಏಪ್ರಿಲ್ ಬಿಸಿಲಲ್ಲಿ ಬರೀ ಪತ್ರೆ ಹೆಂಚಾಗುತ್ತದೆ. ನೆಲಕ್ಕೆ 12 ಮಿ.ಮೀ. ಪ್ಲೈವುಡ್, ಉಳಿದೆಡೆಗೆ ಅಲ್ಯೂಮಿನಿಯಂ ಚೌಕಟ್ಟಿಗೆ ತೆಳು ಹಾಳೆ. ಇಲ್ಲಿ ಪ್ರತಿ ಕಿಲೊಗೂ ಲೆಕ್ಕ. ಮಂಚದ ಕೆಳಗಿನ ಟಾಕಿಗೆ 100 ಲೀಟರ್ ನೀರು ತುಂಬಿದರೆ 100 ಕಿಲೊ ಏರಿತು. ಅದನ್ನು ಹಿಂದಿನ ಆಕ್ಸಲಿನ ತುಸು ಮುಂದೆ, ಗಾಡಿಯ ಅಗಲದ ನಟ್ಟನಡುವೆ ಇಟ್ಟಿದ್ದಾರೆ, ಭಾರ ಒಂದು ಮಗ್ಗುಲಿಗೆ ವಾಲದಂತೆ. ಛಾವಣಿಯ ಮೇಲೆ 160 ವ್ಯಾಟಿನ ಸೌರಫಲಕ. ಐದು ತಾಸು ಚಲೊ ಬಿಸಿಲು ಬಿದ್ದರೆ ಹೆಚ್ಚೆಂದರೆ 800 ವ್ಯಾಟ್-ಅವರ್. 12 ವೋಲ್ಟಿನ, 150 ಆಂಪಿಯರ್-ಅವರಿನ ಬ್ಯಾಟರಿಯಲ್ಲಿ ಅರ್ಧದಷ್ಟನ್ನೇ ಬಳಸಿದರೆ ಅದರ ಆಯಸ್ಸು ಉಳಿಯುತ್ತದೆ, ಅಂದರೆ 900. ಮೂವತ್ತು ವ್ಯಾಟಿನ ಫ್ಯಾನು ರಾತ್ರಿ ಎಂಟು ತಾಸು ತಿರುಗಿದರೆ ಖರ್ಚು 240. ದೀಪ, ಮೊಬೈಲಿಗೂ ಮಿಕ್ಕುತ್ತದೆ. ಫ್ರಿಜ್ಜಿನ ಮಾತನ್ನು ಚಿಗವ್ವ ಮೊದಲ ದಿನವೇ ತೆಗೆದುಹಾಕಿದಳು. ಕಟಕ ರೊಟ್ಟಿಗೆ, ಶೇಂಗಾ ಚಟ್ನಿಗೆ ಫ್ರಿಜ್ಜು ಯಾಕೆ?

ಒಲೆ ಒಳಗಿಲ್ಲ. ಹಿಂದಿನ ಬಾಗಿಲಿಗೆ ಮಡಚುವ ಹಲಗೆ ಹಾಕಿ ಅಲ್ಲಿ ಒಲೆ ಇಡಬೇಕು, ಮೇಲೆ ತಾಡಪತ್ರಿ ಇಳಿಬಿಡಬೇಕು. ‘ಕೋಪಿ ಒಳಗ ಒಲಿ ಹಚ್ಚಿ ಹಚ್ಚಿ ಕಣ್ಣ ಹ್ವಾದುವು. ರವದಿಗಿ ಕಿಡಿ ಹಾರತೈತೇನೋ ಅಂತ ಜೀವ ಕೈಯಾಗ. ಇಲ್ಲಿ ಒಲಿ ಹೊರಗ ಇರಲಿ’ ಎಂದಳು. ಗ್ಯಾಸಿನ 5 ಕಿಲೊ ಸಿಲಿಂಡರಿನ ಖಾನೆಗೂ ಹೊರಗಿನಿಂದಲೇ ಬಾಗಿಲು. ಸೋರಿದ ಗ್ಯಾಸು ಕೆಳಗಿಳಿಯುವುದರಿಂದ ಖಾನೆಯ ತಳಕ್ಕೆ ತೂತು ಕೊರೆದಿದ್ದಾರೆ. ಪಾತ್ರೆ ತೊಳೆಯುವ ನಳ ಹೊರಗೆ, ಸೊಂಟದೆತ್ತರಕ್ಕೆ. ಬಗ್ಗಿ ಬಗ್ಗಿ ಕಬ್ಬು ಕಡಿದವಳು ಇನ್ನು ಬಗ್ಗಲಾರಳು.

ನಗರದ ಮನೆಗಾಡಿಗಳ ಒಳಗನ್ನು ಚಿತ್ರಗಳಲ್ಲಿ ಕಂಡಿದ್ದೇನೆ. ಸೋಫಾ, ಟಿವಿ, ಬಣ್ಣದ ದೀಪ. ಅವು ಮನೆಯನ್ನು ಬಿಟ್ಟು ನಾಲ್ಕು ದಿನ ಹೊರಹೋಗುವವರ ಕಲ್ಪನೆ. ಇಲ್ಲಿ ಅಳತೆ ಹಾಕುತ್ತಿರುವವಳಿಗೆ ದಾರಿಯ ಮೇಲಿನ ಬಾಳು ಗೊತ್ತು. ರಾತ್ರಿ ಮಗುವಿಗೆ ಜ್ವರ ಬಂದರೆ ದೀಪ ಎಲ್ಲಿ ಕೈಗೆ ಸಿಗಬೇಕು, ಹಾವು ಬಂದರೆ ಮಗು ಯಾವ ಎತ್ತರದಲ್ಲಿ ಮಲಗಿರಬೇಕು, ಒದ್ದೆ ಸೀರೆ ಎಲ್ಲಿ ಒಣಗಬೇಕು, ಇದೆಲ್ಲ ಅವಳಿಗೆ ಯೋಚಿಸದೆ ತಿಳಿಯುತ್ತದೆ. ಕಿಟಕಿಗೆ ಒಳಗಿನಿಂದ ಚಿಲಕ ಬೇಕೆಂದು ಮೂರು ಸಲ ಹೇಳಿದಳು. ಕಾರಣವನ್ನು ನಾನೂ ಕೇಳಲಿಲ್ಲ, ತಮ್ಮನೂ ಕೇಳಲಿಲ್ಲ.

ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮ ದೇವಿಯ ಜಾತ್ರೆ. ಕರ್ನಾಟಕದ ಕಡೆಯಿಂದ ಭಕ್ತರು ತಂಡ ತಂಡವಾಗಿ ನಡೆದು ಬರುತ್ತಾರೆ. ಗಾಡಿಯ ಮೊದಲ ಪಯಣ ಅಲ್ಲಿಗೇ ಎಂದು ತಮ್ಮ ಅಂದುಕೊಂಡಿದ್ದ, ಆದರೆ ಅಷ್ಟರೊಳಗೆ ಪಾಸಿಂಗ್ ಆಗುವಂತಿಲ್ಲ.

‘ಈ ವರ್ಸ ನಡಕೊಂಡ ಹೋಗತೀನಿ ಬಿಡು. ದಾನಮ್ಮ ಏನ ಗಾಡಿ ನೋಡತಾಳನ?’ ಎಂದು ಚಿಗವ್ವ ಇಳಿಯಲು ಕಾಲು ಚಾಚಿದಳು. ಪಾದಕ್ಕೆ ಮೆಟ್ಟಿಲು ಎಟುಕಲಿಲ್ಲ. ಗಾಡಿ ಎರಡು ಇಂಚು ಎದ್ದದ್ದನ್ನು ಮೆಟ್ಟಿಲಿನ ಲೆಕ್ಕದಲ್ಲಿ ಯಾರೂ ಹಿಡಿದಿರಲಿಲ್ಲ. ತಮ್ಮ ಅವಳ ಕೈಯ ಟೇಪು ತೆಗೆದುಕೊಂಡು, ಮೊಣಕಾಲೂರಿ ಕುಳಿತು, ನೆಲದಿಂದ ಅವಳ ಹಿಮ್ಮಡಿಯ ತನಕ ಅಳೆದ. ಆಮೇಲೆ ವೆಲ್ಡಿಂಗ್ ಹೋಲ್ಡರ್ ಹುಡುಕುತ್ತ ಶೆಡ್ಡಿನ ಒಳಗೆ ಹೋದ.